ಫಾದರ್, ಸಿಸ್ಟರ್‌ಗಳ ಹಾಸ್ಟೆಲ್: ಸೇರುವವರಿಗೂ ಕಳಿಸುವವರಿಗೂ

ಪಿಯುಸಿ ಫಲಿತಾಂಶ ಬಂದದ್ದೇ ತಡ, ಹಾಸನ, ಶಿವಮೊಗ್ಗ, ಕಲಬುರಗಿ ಕಡೆಯ ಅಪ್ಪ ಅಮ್ಮಂದಿರು ಮಕ್ಕಳನ್ನು ಕರೆದುಕೊಂಡು ಕ್ರೈಸ್ತ ಕಾಲೇಜುಗಳ ಮುಂದೆ ಸಾಲು ನಿಲ್ಲುತ್ತಾರೆ. ಮಂಗಳೂರಿನ ಸಂತ ಅಲೋಶಿಯಸ್ (1880), ಬೆಂಗಳೂರಿನ ಸೇಂಟ್ ಜೋಸೆಫ್ಸ್ (1882), ಮಂಗಳೂರಿನ ಸೇಂಟ್ ಆಗ್ನೆಸ್ (1921), ಮೈಸೂರಿನ ಸೇಂಟ್ ಫಿಲೋಮಿನಾ (1946), ಬೆಂಗಳೂರಿನ ಮೌಂಟ್ ಕಾರ್ಮೆಲ್ (1948), ಕ್ರೈಸ್ಟ್ (1969) ಹೀಗೆ ಪಟ್ಟಿ ಉದ್ದವಿದೆ. 'ಅಲ್ಲಿ ಶಿಸ್ತು ಚೆನ್ನಾಗಿದೆ' ಎನ್ನುವುದು ಅಪ್ಪನ ಕಾರಣ. 'ಅಲ್ಲಿ ಶಿಸ್ತು ಜಾಸ್ತಿಯಂತೆ' ಎನ್ನುವುದು ಮಗಳ ಅಳಲು. ಆ ಶಿಸ್ತು ನಿಂತಿರುವುದು ಯಾವುದರ ಮೇಲೆ ಎಂದು ಇಬ್ಬರಿಗೂ ಗೊತ್ತಿರುವುದಿಲ್ಲ.

ಅದು ನಿಂತಿರುವುದು ನಾಲ್ಕು ಪುಸ್ತಕಗಳ ಮೇಲೆ: ರೋಲ್ ಕಾಲ್ ಪುಸ್ತಕ, ಔಟ್‌ಪಾಸ್ (ಹೊರಹೋಗುವ ಅನುಮತಿ) ಪುಸ್ತಕ, ಮೆಸ್ ಪುಸ್ತಕ, ಗೇಟಿನ ರಿಜಿಸ್ಟರ್. ಕೆಲವು ಕಡೆ ಇವೆಲ್ಲ ಆ್ಯಪ್ ಆಗಿವೆ, ಬೆರಳಚ್ಚು ಯಂತ್ರ ಬಂದಿದೆ. ಲೆಕ್ಕ ಮಾತ್ರ ಅದೇ. ನಾಲ್ಕೂ ಒಂದಕ್ಕೊಂದು ತಾಳೆಯಾಗುತ್ತಿರುವವರೆಗೆ ನೀವು ಯಾರೆಂಬುದೂ ವಾರ್ಡನ್ ತಲೆಯಲ್ಲಿರುವುದಿಲ್ಲ. ರೋಲ್ ಕಾಲ್‌ನಲ್ಲಿ ನೀವಿಲ್ಲ, ಔಟ್‌ಪಾಸ್‌ನಲ್ಲೂ ಹೆಸರಿಲ್ಲ, ಮೆಸ್ಸಿನಲ್ಲಿ ಊಟದ ಗುರುತಿದೆ ಎಂದಾದ ರಾತ್ರಿ ಮಾತ್ರ ಮನೆಗೆ ಫೋನ್ ಹೋಗುತ್ತದೆ. ಎಲ್ಲಿಗೋ ಹೋದದ್ದಕ್ಕೆ ಶಿಕ್ಷೆಯಾದವರಿಗಿಂತ, ಹೋದದ್ದು ಪುಸ್ತಕದಲ್ಲಿ ಇಲ್ಲದ್ದಕ್ಕೆ ಶಿಕ್ಷೆಯಾದವರೇ ಹೆಚ್ಚು.

ಯಾರಿಗೆ ಏನು ಕೇಳಬೇಕು

ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿಗಳ ಸಂಸ್ಥೆಗಳಲ್ಲಿ ರೆಕ್ಟರ್ ಎಂದರೆ ಅಲ್ಲಿನ ಗುರುಗಳ ಸಮುದಾಯಕ್ಕೂ ಆವರಣಕ್ಕೂ ಹಿರಿಯರು. ಪಾಠ, ಹಾಜರಿ, ಪರೀಕ್ಷೆ ಪ್ರಾಂಶುಪಾಲರದು. ಹಾಸ್ಟೆಲ್ ವಾರ್ಡನ್‌ರದು. ಸಿಸ್ಟರ್‌ಗಳ ಕಾಲೇಜುಗಳಲ್ಲಿ ರೆಕ್ಟರ್ ಜಾಗದಲ್ಲಿ ಸುಪೀರಿಯರ್ ಇರುತ್ತಾರೆ. ಬಾಸೆಲ್ ಮಿಶನ್ ಮೂಲದ ಧಾರವಾಡದ ಕಿಟೆಲ್‌ನಂಥ ಪ್ರೊಟೆಸ್ಟೆಂಟ್ ಕಾಲೇಜುಗಳಲ್ಲಿ ಸನ್ಯಾಸಿ ಸಮುದಾಯದ ಪದ್ಧತಿ ಇಲ್ಲ. ವಾರ್ಡನ್ ಸಾಮಾನ್ಯವಾಗಿ ಅಧ್ಯಾಪಕರೇ.

ಹೊಸಬರು ಮಾಡುವ ತಪ್ಪೆಂದರೆ ರಜೆಗೆ ನೇರವಾಗಿ ಪ್ರಾಂಶುಪಾಲರ ಬಾಗಿಲು ತಟ್ಟುವುದು. ಅವರು 'ವಾರ್ಡನ್‌ರನ್ನು ಕೇಳಿ' ಎನ್ನುತ್ತಾರೆ, ವಾರ್ಡನ್‌ಗೆ 'ನನ್ನನ್ನು ದಾಟಿ ಹೋದ' ಎಂಬ ಕಸಿವಿಸಿ ಉಳಿಯುತ್ತದೆ. ಕ್ಲಾಸ್ ತಪ್ಪುತ್ತದೆ ಎಂದಾದರೆ ಎರಡು ಅರ್ಜಿ ಬೇಕು. ಒಂದು ವಾರ್ಡನ್‌ಗೆ, ಒಂದು ಕ್ಲಾಸ್ ಟೀಚರ್‌ಗೆ. ಹಾಸ್ಟೆಲಿನ ರಜೆ ಸಿಕ್ಕ ಮಾತ್ರಕ್ಕೆ ಕ್ಲಾಸಿನ ಹಾಜರಿ ಸಿಗುವುದಿಲ್ಲ. ಸೆಮಿಸ್ಟರ್ ಕೊನೆಗೆ ಶೇಕಡ 75 ಮುಟ್ಟದೆ ಒದ್ದಾಡುವ ಹಾಸ್ಟೆಲಿಗರಲ್ಲಿ ಹಲವರು ಎಡವುವುದು ಇಲ್ಲೇ.

ಕರೆಯುವುದು ಸುಲಭ: ಫಾದರ್, ಸಿಸ್ಟರ್, ಇನ್ನೂ ಪಾದ್ರಿಯಾಗುವ ಗುರುದೀಕ್ಷೆ ಆಗದೆ ತರಬೇತಿಯಲ್ಲಿರುವವರಿಗೆ ಬ್ರದರ್. ಬಾಯಿ ತಪ್ಪಿ 'ಸರ್' ಅಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಅಡುಗೆ ಮನೆಯ ಅಕ್ಕಂದಿರನ್ನೂ ಗೇಟಿನ ಅಣ್ಣನನ್ನೂ ಏಕವಚನದಲ್ಲಿ ಕೂಗಿದರೆ ಮಾತ್ರ ಅದು ಸಂಜೆಯೊಳಗೆ ವಾರ್ಡನ್ ಕಿವಿಗೆ ಬಿದ್ದಿರುತ್ತದೆ.

ಸೇರುವ ದಿನ

ಪೆಟ್ಟಿಗೆ ಬಿಚ್ಚುವ ಮೊದಲು ಕೋಣೆಯ ಫೋಟೊ ತೆಗೆಯಿರಿ. ಮಂಚದ ಸಡಿಲ ಹಲಗೆ, ಕಪಾಟಿನ ಮುರಿದ ಚಿಲಕ, ಕಿಟಕಿಯ ಬಿರುಕು ಬಿಟ್ಟ ಗಾಜು, ಫ್ಯಾನಿನ ರೆಗ್ಯುಲೇಟರ್, ಗೋಡೆಯ ಮೇಲಿನ ಹಳೆಯ ಗೀಚು, ಎಲ್ಲವೂ ಬರಲಿ. ಕೋಣೆಯ ಸಾಮಾನಿನ ಪಟ್ಟಿಗೆ ಸಹಿ ಹಾಕಿಸಿಕೊಳ್ಳುತ್ತಾರಲ್ಲ, ಆ ಹಾಳೆಯಲ್ಲೇ 'ಗಾಜು ಮೊದಲೇ ಒಡೆದಿದೆ' ಎಂದು ಬರೆದು ಸಹಿ ಹಾಕಿ, ಹಾಳೆಯ ಫೋಟೊ ಇಟ್ಟುಕೊಳ್ಳಿ. ಇದಕ್ಕೆ ಹತ್ತು ನಿಮಿಷ ಸಾಕು. ಮೂರು ವರ್ಷದ ನಂತರ ಕಾಷನ್ ಡಿಪಾಸಿಟ್ ವಾಪಸ್ ಕೇಳುವಾಗ ಆ ಹತ್ತು ನಿಮಿಷದ ಬೆಲೆ ತಿಳಿಯುತ್ತದೆ.

ತರಬೇಕಾದ್ದು: ಒಳ್ಳೆಯ ಬೀಗ ಎರಡು (ಕೀ ಮೂರು, ಮೂರನೆಯದು ಮನೆಯಲ್ಲಿರಲಿ), ಬಕೆಟ್ ಮತ್ತು ಮಗ್, ಎರಡು ಬೆಡ್‌ಶೀಟ್, ಒಂದು ಹೊದಿಕೆ, ಸೊಳ್ಳೆ ಪರದೆ, ಐದಾರು ಜೊತೆ ಬಟ್ಟೆ, ಒಳ ಉಡುಪು ಎಂಟು ಜೊತೆ, ನಾಲ್ಕು ಮೀಟರ್ ನೈಲಾನ್ ಹಗ್ಗ, ಎರಡು ಡಜನ್ ಕ್ಲಿಪ್, ಟಾರ್ಚ್. ಬಟ್ಟೆಗೆಲ್ಲ ಹೆಸರಲ್ಲ, ನೋಂದಣಿ ಸಂಖ್ಯೆ ಬರೆಯಿರಿ. ಒಂದೇ ಮಹಡಿಯಲ್ಲಿ ನಾಲ್ವರು ಕಾರ್ತಿಕ್‌ಗಳಿರುತ್ತಾರೆ. ಕರಾವಳಿಗೆ ಬರುವ ಬಯಲುಸೀಮೆಯವರಿಗೆ ಇನ್ನೊಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರಿನಲ್ಲಿ ದಪ್ಪ ಜೀನ್ಸ್ ಮೂರು ದಿನವಾದರೂ ಒಣಗುವುದಿಲ್ಲ. ಚರ್ಮದ ಶೂ, ಬೆಲ್ಟಿಗೆ ಹದಿನೈದು ದಿನದಲ್ಲಿ ಬೂಸ್ಟು ಹಿಡಿಯುತ್ತದೆ. ಜೀನ್ಸ್ ಒಂದೇ ಸಾಕು, ತೆಳು ಪ್ಯಾಂಟ್ ಹೆಚ್ಚು ತನ್ನಿ. ಕಪಾಟಿಗೆ ನುಸಿಗುಳಿಗೆ ಹಾಕಿ, ಪುಸ್ತಕಗಳನ್ನು ಗೋಡೆಗೆ ತಾಗಿಸದೆ ಇಡಿ. ಒದ್ದೆ ಬಟ್ಟೆಯನ್ನು ಕೋಣೆಯೊಳಗೆ ಫ್ಯಾನಿನ ಕೆಳಗೆ ಹರವುವುದು ಎಲ್ಲರೂ ಮಾಡುವ ಕೆಲಸ. ರೂಮ್‌ಮೇಟ್‌ಗೆ ನೆಗಡಿ ಶುರುವಾಗುವುದೂ ಅಲ್ಲಿಂದಲೇ.

ತರಬಾರದ್ದರಲ್ಲಿ ಮೊದಲನೆಯದು ನೀರು ಕಾಯಿಸುವ ಕಾಯಿಲ್. ಇದನ್ನು ಬೇಡ ಅನ್ನುವುದು ಕರೆಂಟ್ ಬಿಲ್ಲಿನ ಜಿಪುಣತನಕ್ಕೆ ಎಂದು ಮಕ್ಕಳು ತಿಳಿದಿರುತ್ತಾರೆ. ಲೆಕ್ಕ ನೋಡಿ. ಕೋಣೆಯ ಚಿಕ್ಕ ಪ್ಲಗ್ಗು 6 ಆಂಪಿಯರ್‌ನದು. 230 ವೋಲ್ಟಿಗೆ ಅದು ತಡೆಯುವುದು 1380 ವ್ಯಾಟ್. ಪೇಟೆಯಲ್ಲಿ ಸಿಗುವ ಮಾಮೂಲು ಕಾಯಿಲ್ 1500 ವ್ಯಾಟಿನದು, ಎಲೆಕ್ಟ್ರಿಕ್ ಕೆಟಲ್ಲೂ ಹೆಚ್ಚುಕಡಿಮೆ ಅಷ್ಟೇ. ಎರಡು ಕೋಣೆಯವರು ಒಟ್ಟಿಗೆ ಹಾಕಿದರೆ ಎಂಸಿಬಿ (ಹೆಚ್ಚು ಕರೆಂಟ್ ಹರಿದರೆ ತಾನೇ ಆರುವ ಸ್ವಿಚ್ಚು) ಬಿದ್ದು ಇಡೀ ಸಾಲು ಕತ್ತಲೆ, ಅದಾದರೂ ವಾಸಿ. ಒಬ್ಬರೇ ಹಾಕಿದರೆ ಎಂಸಿಬಿ ಬೀಳದೆ ಪ್ಲಗ್ಗಿನ ಒಳಗಿನ ಹಿತ್ತಾಳೆ ದಿನದಿನ ಬಿಸಿಯಾಗಿ, ಸುತ್ತಲಿನ ಪ್ಲಾಸ್ಟಿಕ್ ಕಂದಾಗಿ, ಒಂದು ದಿನ ಹೊಗೆ ಬರುತ್ತದೆ. ಬಿಸಿನೀರು ಬೇಕಾದರೆ ಸೋಲಾರ್ ನೀರು ಬರುವ ಹೊತ್ತು ಕೇಳಿಟ್ಟುಕೊಳ್ಳಿ. ಮಳೆಗಾಲದಲ್ಲಿ ಅದೂ ಉಗುರು ಬೆಚ್ಚಗೆ ಅಷ್ಟೇ. ಇಸ್ತ್ರಿಗೆ ಸಾಮಾನ್ಯವಾಗಿ ಬೇರೆ ಕೋಣೆ, 16 ಆಂಪಿಯರ್‌ನ ದೊಡ್ಡ ಪ್ಲಗ್ಗು ಇರುತ್ತದೆ.

ದೇವರ ಫೋಟೊ ಇಡಬಹುದೇ ಎಂದು ಅಮ್ಮಂದಿರು ಪಿಸುದನಿಯಲ್ಲಿ ಕೇಳುತ್ತಾರೆ. ನಿಮ್ಮ ಕಪಾಟಿನೊಳಗೆ, ಮೇಜಿನ ಮೇಲೆ ಧಾರಾಳವಾಗಿ ಇಡಬಹುದು. ದೀಪ, ಊದುಬತ್ತಿ ಬೇಡ. ಅದು ಬೆಂಕಿಯ ವಿಷಯವೇ ಹೊರತು ಧರ್ಮದ್ದಲ್ಲ. ಕ್ರೈಸ್ತ ಹುಡುಗಿ ಹಚ್ಚಿದ ಮೇಣದಬತ್ತಿಗೂ ಅದೇ ನಿಯಮ.

ಔಟ್‌ಪಾಸ್

ಇದೊಂದನ್ನು ಸರಿಯಾಗಿ ಕಲಿತರೆ ಅರ್ಧ ಹಾಸ್ಟೆಲ್ ಕಲಿತಂತೆ. ಸೇರುವಾಗ ತಂದೆ, ತಾಯಿ ಮತ್ತು ಲೋಕಲ್ ಗಾರ್ಡಿಯನ್ ಎಂದು ಮೂರು ಫೋನ್ ನಂಬರ್ ಕೊಡುತ್ತೀರಿ. ರಜೆಗೆ ಒಪ್ಪಿಗೆ ಬರಬೇಕಾದ್ದು ಆ ನಂಬರ್‌ಗಳಿಂದ ಮಾತ್ರ. ಅಪ್ಪನ ಸಿಮ್ ಬದಲಾಗಿದ್ದು ತಿಳಿಸದೆ ಇದ್ದು, ಶುಕ್ರವಾರ ಸಂಜೆ ಬಸ್ಸಿನ ಟಿಕೆಟ್ ಕೈಯಲ್ಲಿಟ್ಟುಕೊಂಡು ಅಳುವವರು ಪ್ರತಿ ವರ್ಷ ಇರುತ್ತಾರೆ. ಗೆಳೆಯನ ನಂಬರನ್ನು 'ಅಪ್ಪ' ಎಂದು ಕೊಟ್ಟವರ ಕತೆ ಇನ್ನೂ ಬೇಗ ಮುಗಿಯುತ್ತದೆ. ವಾರ್ಡನ್ ಒಂದು ದಿನ ಸುಮ್ಮನೆ ಕರೆ ಮಾಡಿ 'ಮಗನ ಹುಟ್ಟಿದ ದಿನ ಯಾವುದು?' ಎಂದು ಕೇಳಿದರೆ ಸಾಕು.

ಗಾರ್ಡಿಯನ್ ಆಯ್ಕೆಯಲ್ಲೂ ಎಚ್ಚರ ಬೇಕು. ಊರಿನ ಪರಿಚಯದವರು ಎಂದು ಹೆಸರು ಕೊಟ್ಟು ಅವರಿಗೇ ಹೇಳದೆ ಇರುವವರಿದ್ದಾರೆ. ಜ್ವರ ಬಂದ ರಾತ್ರಿ ಹಾಸ್ಟೆಲಿನಿಂದ ಕರೆ ಹೋದಾಗ ಆ ಕಡೆಯಿಂದ 'ಯಾವ ಹುಡುಗಿ?' ಎಂದು ಕೇಳುತ್ತದೆ. ಅರ್ಧ ಗಂಟೆಯೊಳಗೆ ಹಾಸ್ಟೆಲಿಗೆ ಬರಬಲ್ಲವರು, ನಿಮ್ಮ ಮುಖ ಗುರುತಿರುವವರು, ಸಹಿ ಹಾಕಲು ಹಿಂಜರಿಯದವರು ಆಗಿರಬೇಕು.

ಹೋಗುವ ಕ್ರಮ ಹೀಗೆ. ಕನಿಷ್ಠ ಹಿಂದಿನ ದಿನ ಸಂಜೆಯೊಳಗೆ ಅರ್ಜಿ ಕೊಡಿ. ಅದರಲ್ಲಿ ಕೋಣೆ ಸಂಖ್ಯೆ, ಎಲ್ಲಿಗೆ, ಯಾರ ಮನೆಗೆ, ಯಾವ ಬಸ್ಸು ಅಥವಾ ರೈಲು, ಹೊರಡುವ ಹೊತ್ತು, ವಾಪಸ್ ಬರುವ ದಿನ ಮತ್ತು ಹೊತ್ತು ಇರಲಿ. 'ಊರಿಗೆ' ಎಂದಷ್ಟೇ ಬರೆದ ಅರ್ಜಿ ವಾಪಸ್ ಬರುತ್ತದೆ. ಮಾದರಿ ಬೇಕಾದರೆ:

'ಮಾನ್ಯ ಸಿಸ್ಟರ್, ಅಕ್ಕನ ಮದುವೆ ನಿಶ್ಚಿತಾರ್ಥಕ್ಕಾಗಿ ಶುಕ್ರವಾರ 12ರಂದು ಸಂಜೆ 4.30ಕ್ಕೆ ಹೊರಟು, ಕೆಎಸ್ಸಾರ್ಟಿಸಿ ಬಸ್ಸಿನಲ್ಲಿ ಸಕಲೇಶಪುರಕ್ಕೆ ತಂದೆಯ ಮನೆಗೆ ಹೋಗುತ್ತೇನೆ. ಭಾನುವಾರ 14ರಂದು ಸಂಜೆ 6ರೊಳಗೆ ಬರುತ್ತೇನೆ. ತಂದೆಯವರು ಇಂದು ರಾತ್ರಿ ನಿಮಗೆ ಕರೆ ಮಾಡುತ್ತಾರೆ. ಶುಕ್ರವಾರ ರಾತ್ರಿಯಿಂದ ಭಾನುವಾರ ಮಧ್ಯಾಹ್ನದವರೆಗೆ ನನಗೆ ಊಟ ಬೇಡ.'

ಕೊನೆಯ ವಾಕ್ಯವನ್ನು ಯಾರೂ ಬರೆಯುವುದಿಲ್ಲ. ಬರೆದವರ ಅರ್ಜಿ ಮಾತ್ರ ಮೆಸ್ ಪುಸ್ತಕಕ್ಕೂ ತಾಳೆಯಾಗುತ್ತದೆ. ವಾರ್ಡನ್ ಸಹಿಯಾದ ಮೇಲೆ ಗೇಟಿನಲ್ಲಿ ಹೊತ್ತು ಬರೆಸಿ ಹೊರಡಿ. ಬಂದ ಕೂಡಲೇ ಗೇಟಿನಲ್ಲೂ ವಾರ್ಡನ್ ಕಚೇರಿಯಲ್ಲೂ ವಾಪಸಾತಿ ಬರೆಸಬೇಕು. ಎರಡನೆಯದನ್ನು ಮರೆತು ನೇರ ಕೋಣೆಗೆ ಹೋಗಿ ಮಲಗಿದರೆ ಪುಸ್ತಕದ ಪ್ರಕಾರ ನೀವಿನ್ನೂ ಸಕಲೇಶಪುರದಲ್ಲೇ ಇದ್ದೀರಿ.

ತಡವಾಗುವುದು ಎಲ್ಲರಿಗೂ ಆಗುತ್ತದೆ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಬಸ್ಸು ಚಾರ್ಮಾಡಿ ಸುತ್ತಿ ಬರುತ್ತದೆ. ರೈಲಾದರೆ ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ನಡುವೆ ನಿಂತುಬಿಡಬಹುದು. ಘಾಟಿಯೊಳಗೆ ಫೋನ್ ಸಿಗ್ನಲ್ ಕೈಕೊಡುತ್ತದೆ, ಹಾಗಾಗಿ ಘಾಟಿ ಶುರುವಾಗುವ ಮೊದಲೇ ಕರೆ ಮಾಡಿ. ರೋಲ್ ಕಾಲ್‌ಗಿಂತ ಮುಂಚೆ ಬಂದ ಕರೆ ಸುದ್ದಿ. ರೋಲ್ ಕಾಲ್ ಆದ ಮೇಲೆ ಬಂದದ್ದು ಸಮಜಾಯಿಷಿ. ಬಸ್ ಟಿಕೆಟನ್ನು ಬಿಸಾಡದೆ ಇಟ್ಟುಕೊಳ್ಳಿ.

ಗೆಳೆಯರಿಗೆ 'ಹಾಜರ್ ಹೇಳು' ಎನ್ನುವುದು ಎಲ್ಲ ತಪ್ಪುಗಳಿಗಿಂತ ಕೆಟ್ಟದ್ದು. ತಡವಾದದ್ದಕ್ಕೆ ಒಂದು ಬೈಗುಳ ಸಾಕಾಗುತ್ತಿತ್ತು. ಪ್ರಾಕ್ಸಿ ಹೇಳಿಸಿದ ಮೇಲೆ ಅದು ಇಬ್ಬರ ಸುಳ್ಳು, ಅದೂ ದಾಖಲೆಯಲ್ಲಿ ಬಿದ್ದದ್ದು.

ಗಂಟೆಗಳು

ಬೆಳಿಗ್ಗೆ ಆರರ ಸುಮಾರಿಗೆ ಏಳುವ ಗಂಟೆ, ಸಂಜೆ ಆರು ಆರೂವರೆಗೆ ಒಳಗೆ ಬರುವ ಹೊತ್ತು, ಏಳರಿಂದ ಊಟದವರೆಗೆ ಮತ್ತು ಊಟದ ನಂತರ ಓದುವ ಹೊತ್ತು, ಹತ್ತರ ಆಸುಪಾಸು ರೋಲ್ ಕಾಲ್. ಹೆಚ್ಚಿನ ಕಡೆ ಇದೇ ಅಚ್ಚು. ಸ್ಟಡಿ ಅವರ್‌ನಲ್ಲಿ ಓದಲೇಬೇಕೆಂದೇನಿಲ್ಲ, ಇನ್ನೊಬ್ಬರಿಗೆ ಓದಲು ಬಿಡಬೇಕು ಅಷ್ಟೇ. ಫೋನ್ ಸೈಲೆಂಟ್, ಮಾತು ಮೆಲ್ಲಗೆ, ಕೋಣೆಯಿಂದ ಕೋಣೆಗೆ ಓಡಾಟ ಬೇಡ.

ಫೋನನ್ನೇ ಕಸಿದಿಡುವ ಹಾಸ್ಟೆಲುಗಳಿದ್ದವು. 2019ರಲ್ಲಿ ಕೇರಳ ಹೈಕೋರ್ಟ್, ಸಂಜೆ ಆರರಿಂದ ಹತ್ತರವರೆಗೆ ಹಾಸ್ಟೆಲಿನಲ್ಲಿ ಮೊಬೈಲ್ ಬಳಸಬಾರದೆಂಬ ನಿಯಮವನ್ನು ಧಿಕ್ಕರಿಸಿ ಹೊರಹಾಕಲ್ಪಟ್ಟ ವಿದ್ಯಾರ್ಥಿನಿಯ ಪರ ತೀರ್ಪು ಕೊಟ್ಟು, ಇಂಟರ್ನೆಟ್ ಬಳಕೆಯೂ ಹಕ್ಕಿನ ಭಾಗ ಎಂದಿತು. ಹಾಗೆಂದು ತೀರ್ಪಿನ ಪ್ರತಿ ಹಿಡಿದು ವಾರ್ಡನ್ ಮುಂದೆ ನಿಲ್ಲುವುದಕ್ಕಿಂತ, ಆನ್‌ಲೈನ್ ನೋಟ್ಸ್ ಇರುವ ವಿಷಯಗಳ ಪಟ್ಟಿ ಹಿಡಿದು ಹಾಸ್ಟೆಲ್ ಕಮಿಟಿಯ ಮೂಲಕ ಕೇಳಿದರೆ ಕೆಲಸ ಬೇಗ ಆಗುತ್ತದೆ.

ಹುಡುಗಿಯರ ಹಾಸ್ಟೆಲಿನ ಗೇಟು ಹುಡುಗರದಕ್ಕಿಂತ ಬೇಗ ಮುಚ್ಚುವುದು ಹಳೆಯ ತಕರಾರು, ಮತ್ತು ನ್ಯಾಯವಾದ ತಕರಾರು. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2015ರ ಲೈಂಗಿಕ ಕಿರುಕುಳ ತಡೆ ನಿಯಮಾವಳಿಯಲ್ಲೇ, ಸುರಕ್ಷತೆಯ ನೆಪದಲ್ಲಿ ಹಾಸ್ಟೆಲಿನ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಿಗಿಲ್ಲದ ಭೇದದ ನಿಯಮ ಹೇರಬಾರದು ಎಂದಿದೆ. ಬದಲಾವಣೆ ಬೇಕಾದರೆ 'ಗೇಟು ತೆಗೆಯಿರಿ' ಎಂದು ಕೇಳಬೇಡಿ. 'ಲೈಬ್ರರಿ ಎಂಟಕ್ಕೆ ಮುಚ್ಚುತ್ತದೆ, ಲೈಬ್ರರಿ ರಿಜಿಸ್ಟರ್ ತೋರಿಸಿದವರಿಗೆ ಎಂಟೂಕಾಲರವರೆಗೆ ಪ್ರವೇಶ ಕೊಡಿ' ಎಂದು ಕೇಳಿ. ಹೊತ್ತು, ಸ್ಥಳ, ಪುರಾವೆ ಮೂರೂ ಇರುವ ಬೇಡಿಕೆಯನ್ನು ತಳ್ಳಿಹಾಕುವುದು ಕಷ್ಟ.

ಚಾಪೆಲ್ಲಿನಲ್ಲಿ

ಕ್ರೈಸ್ತರಲ್ಲದ ಮಕ್ಕಳ ದೊಡ್ಡ ಪ್ರಶ್ನೆ: ಪೂಜೆಗೆ ಹೋಗಲೇಬೇಕಾ? ಬೇಕಿಲ್ಲ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಿಕ್ಷಣ ಸಂಸ್ಥೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. 28ನೇ ವಿಧಿಯ 3ನೇ ಖಂಡ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಸಂಸ್ಥೆಯಲ್ಲಿ ಒಪ್ಪಿಗೆ ಇಲ್ಲದೆ ಯಾರನ್ನೂ ಧಾರ್ಮಿಕ ಬೋಧನೆಗೆ, ಆರಾಧನೆಗೆ ಒಳಪಡಿಸುವಂತಿಲ್ಲ ಎನ್ನುತ್ತದೆ. ಹದಿನೆಂಟು ತುಂಬದವರ ಪರವಾಗಿ ಒಪ್ಪಿಗೆ ಕೊಡಬೇಕಾದ್ದು ಪೋಷಕರು. ಎರಡೂ ಜೊತೆಗೇ ನಡೆಯುತ್ತವೆ. ಕ್ಯಾಥೊಲಿಕ್ ಮಕ್ಕಳಿಗೆ ಧರ್ಮೋಪದೇಶದ ತರಗತಿ ಇರುವ ಹೊತ್ತಿನಲ್ಲೇ ಉಳಿದವರಿಗೆ ಮೌಲ್ಯ ಶಿಕ್ಷಣ ಇಡುವುದು ಹಳೆಯ ಪದ್ಧತಿ. ಮೌಲ್ಯ ಶಿಕ್ಷಣ ಮಾತ್ರ ತಪ್ಪಿಸುವಂತಿಲ್ಲ, ಅದು ಟೈಮ್‌ಟೇಬಲ್‌ನ ಕ್ಲಾಸು. ಬೆಳಗಿನ ಅಸೆಂಬ್ಲಿಯ ಸಾಮೂಹಿಕ ಪ್ರಾರ್ಥನೆಗೆ ಸುಮ್ಮನೆ ನಿಂತರೆ ಸಾಕು, ಕೈ ಜೋಡಿಸುವುದು ನಿಮ್ಮ ಇಷ್ಟ.

ಆದರೂ ವರ್ಷಾರಂಭದ ಬಲಿಪೂಜೆಗೆ (ಕ್ಯಾಥೊಲಿಕರ ಮುಖ್ಯ ಆರಾಧನೆ, ಮಾಸ್), ಕಾಲೇಜಿನ ಪಾಲಕ ಸಂತರ ಹಬ್ಬಕ್ಕೆ ಹೆಚ್ಚಿನವರು ಕುತೂಹಲದಿಂದಲೇ ಹೋಗುತ್ತಾರೆ. ಅಲೋಶಿಯಸ್‌ಗೆ ಜೂನ್ 21, ಕಾರ್ಮೆಲ್ ಮಾತೆಗೆ ಜುಲೈ 16, ಆಗ್ನೆಸ್‌ಗೆ ಜನವರಿ 21, ಜೋಸೆಫರಿಗೆ ಮಾರ್ಚ್ 19. ಹೋದರೆ ಟೋಪಿ ತೆಗೆಯಿರಿ, ಫೋನ್ ಆರಿಸಿ, ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ಎಲ್ಲರೂ ನಿಂತಾಗ ನಿಲ್ಲಿ. ಮೊಣಕಾಲೂರಿದಾಗ ನೀವು ಸುಮ್ಮನೆ ಕುಳಿತಿರಬಹುದು. ಚಪ್ಪಲಿಯ ವಿಷಯದಲ್ಲಿ ಬಾಗಿಲ ಬಳಿ ನೋಡಿ: ಹೊರಗೆ ಬಿಟ್ಟಿದ್ದರೆ ಬಿಡಿ, ಇಲ್ಲದಿದ್ದರೆ ಹಾಕಿಕೊಂಡೇ ಹೋಗಿ. ಅಲೋಶಿಯಸ್ ಚಾಪೆಲ್ಲಿನ ಗೋಡೆ, ಛಾವಣಿಗಳ ತುಂಬ ಇಟಲಿಯ ಜೆಸ್ವಿಟ್ ಸಹೋದರ ಅಂತೋನಿಯೊ ಮೊಸ್ಕೇನಿ 1900ರ ಆಸುಪಾಸಿನಲ್ಲಿ ಬರೆದ ಚಿತ್ರಗಳಿವೆ. ಅವನ್ನು ಪೂಜೆಯಿಲ್ಲದ ಹೊತ್ತಿನಲ್ಲಿ ನಿಧಾನವಾಗಿ ನೋಡಿ, ಪೂಜೆಯ ನಡುವೆ ಕತ್ತು ಎತ್ತಿಕೊಂಡು ನಡೆಯಬೇಡಿ.

ಹೊಸಬರು ನಿಜವಾಗಿ ಎಡವುವ ಜಾಗ ಒಂದೇ. ಪೂಜೆಯ ಕೊನೆಯ ಭಾಗದಲ್ಲಿ ಎಲ್ಲರೂ ಸಾಲಾಗಿ ಮುಂದೆ ಹೋಗಿ ಗುರುಗಳಿಂದ ಬಿಳಿ, ತೆಳುವಾದ, ಐದು ರೂಪಾಯಿ ನಾಣ್ಯದಷ್ಟಗಲದ ಬಿಲ್ಲೆಯೊಂದನ್ನು ಪಡೆಯುತ್ತಾರೆ. ಕನ್ನಡ ಕ್ಯಾಥೊಲಿಕರು ಅದನ್ನು ಕರೆಯುವುದೇ 'ಪರಮಪ್ರಸಾದ' ಎಂದು. ದೇವಸ್ಥಾನದ ಅಭ್ಯಾಸವಿರುವ ಮಕ್ಕಳು ಪ್ರಸಾದ ಬೇಡ ಅನ್ನಬಾರದೆಂದು ಭಕ್ತಿಯಿಂದಲೇ ಸಾಲಿಗೆ ಸೇರುತ್ತಾರೆ. ಇದು ಹಂಚುವ ಪ್ರಸಾದವಲ್ಲ. ಕ್ಯಾಥೊಲಿಕರ ನಂಬಿಕೆಯಲ್ಲಿ ಅದು ಕ್ರಿಸ್ತನ ಶರೀರವೇ. ದೀಕ್ಷಾಸ್ನಾನವಾಗಿ, ಮೊದಲ ಪರಮಪ್ರಸಾದ ಸ್ವೀಕರಿಸಿದ ಕ್ಯಾಥೊಲಿಕರಿಗೆ ಮಾತ್ರ ಕೊಡುತ್ತಾರೆ. ನೀವು ಜಾಗದಲ್ಲೇ ಕುಳಿತಿರಿ, ಪಕ್ಕದವರು ಹೋಗಲು ಕಾಲು ಸರಿಸಿ ದಾರಿ ಬಿಡಿ. ಗೊತ್ತಿಲ್ಲದೆ ಸಾಲಿನಲ್ಲಿ ನಿಂತುಬಿಟ್ಟಿದ್ದರೆ, ಗುರುಗಳ ಮುಂದೆ ಬಂದಾಗ ಎರಡೂ ಕೈಯನ್ನು ಎದೆಯ ಮೇಲೆ ಅಡ್ಡ ಇಟ್ಟು ತಲೆ ಬಾಗಿಸಿ; ಆಶೀರ್ವಾದ ಮಾಡಿ ಕಳಿಸುತ್ತಾರೆ. ಕೈಗೆ ಬಂದದ್ದನ್ನು ಜೇಬಿಗೆ ಹಾಕಿಕೊಂಡು ಹೋಗುವುದಂತೂ ಕೂಡದು. ಮನೆಗೆ ಒಯ್ದು ಅಜ್ಜಿಗೆ ಕೊಡೋಣ ಎಂಬ ಒಳ್ಳೆಯ ಮನಸ್ಸಿನಿಂದ ಮಾಡಿದರೂ ಅವರ ಪಾಲಿಗೆ ಅದು ದೊಡ್ಡ ನೋವು. ಹಾಗೇನಾದರೂ ಆಗಿದ್ದರೆ ಪೂಜೆ ಮುಗಿದ ತಕ್ಷಣ ಗುರುಗಳ ಕೈಗೇ ವಾಪಸ್ ಕೊಟ್ಟು 'ತಿಳಿಯದೆ ತೆಗೆದುಕೊಂಡೆ ಫಾದರ್' ಎನ್ನಿ. ಕಸದ ಬುಟ್ಟಿಗೆ ಹಾಕಬೇಡಿ.

ಮೆಸ್, ಉಪವಾಸ, ಮಾಲೆ

ಫೆಬ್ರವರಿ-ಮಾರ್ಚ್ ಹೊತ್ತಿಗೆ ಬರುವ ಬೂದಿ ಬುಧವಾರದಿಂದ ಪಾಸ್ಖ (ಈಸ್ಟರ್) ಹಬ್ಬದವರೆಗೆ ತಪಸ್ಸು ಕಾಲ. ಬೂದಿ ಬುಧವಾರ ಮತ್ತು ಆ ಅವಧಿಯ ಶುಕ್ರವಾರಗಳಲ್ಲಿ ಮಾಂಸವಿಲ್ಲ, ಮೀನಿಗೆ ತಡೆಯಿಲ್ಲ. ಹಣೆಯ ಮೇಲೆ ಬೂದಿ ಇಟ್ಟುಕೊಂಡ ಸಿಸ್ಟರ್‌ಗೆ 'ಏನೋ ಅಂಟಿದೆ' ಎಂದು ಒರೆಸಲು ಹೋಗಬೇಡಿ. ಕರಾವಳಿಯಲ್ಲಿ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಹೊಸ ತೆನೆಯ ಆಶೀರ್ವಾದ, ಪೂರ್ತಿ ಸಸ್ಯಾಹಾರದ ಊಟ. ಡಿಸೆಂಬರಿನಲ್ಲಿ ಕ್ರಿಸ್‌ಮಸ್ ತಿಂಡಿಗಳ ಕುಸ್ವಾರ್ ತಟ್ಟೆ. ಬಯಲುಸೀಮೆಯವರು ಮೊದಲು ಮುಖ ಸಿಂಡರಿಸುವುದು ಕುಚ್ಚಲಕ್ಕಿ ಅನ್ನಕ್ಕೆ. ಅದರ ಗಂಜಿ-ಉಪ್ಪಿನಕಾಯಿಗೆ ಎರಡನೇ ಸೆಮಿಸ್ಟರಿನಲ್ಲಿ ಅವರೇ ಮೊದಲು ಸಾಲು ನಿಲ್ಲುತ್ತಾರೆ.

ರಂಜಾನ್ ಉಪವಾಸ ಹಿಡಿಯುವವರು ಒಂದು ವಾರ ಮೊದಲೇ, ಎಷ್ಟು ಜನ, ಕೋಣೆ ಸಂಖ್ಯೆ, ಸಹ್ರಿಗೆ (ಉಪವಾಸಕ್ಕೆ ಮುಂಚಿನ ನಸುಕಿನ ಊಟ) ಏನು ಬೇಕು ಎಂದು ಒಂದೇ ಹಾಳೆಯಲ್ಲಿ ಬರೆದು ಕೊಡಿ. ನಸುಕಿನ ನಾಲ್ಕಕ್ಕೆ ಅಡುಗೆಯವರನ್ನು ಎಬ್ಬಿಸಲು ಆಗುವುದಿಲ್ಲ. ರಾತ್ರಿಯೇ ಚಪಾತಿ, ಬೇಯಿಸಿದ ಮೊಟ್ಟೆ, ಬಾಳೆಹಣ್ಣು, ಫ್ಲಾಸ್ಕಿನಲ್ಲಿ ಹಾಲು ಎತ್ತಿಡುವ ಏರ್ಪಾಡು ಸಾಧ್ಯ. ಹತ್ತು ಜನ ಹತ್ತು ದಿನ ಒಬ್ಬೊಬ್ಬರಾಗಿ ಹೋಗಿ ಕೇಳಿದರೆ ಯಾರಿಗೂ ಸಿಗುವುದಿಲ್ಲ.

ಅಯ್ಯಪ್ಪ ಮಾಲೆ ಹಾಕುವ ಹುಡುಗರು 41 ದಿನದ ವ್ರತವನ್ನು ನವೆಂಬರ್ ನಡುವಿನಲ್ಲಿ ಶುರುಮಾಡುತ್ತಾರೆ. ಕಪ್ಪು ಬಟ್ಟೆ, ಬರಿಗಾಲು, ಗಡ್ಡ, ಮೂರೂ ಯೂನಿಫಾರ್ಮ್ ನಿಯಮಕ್ಕೆ ತಾಗುತ್ತವೆ. ಮಾಲೆ ಹಾಕಿಕೊಂಡು ಬಂದು ಗೇಟಿನಲ್ಲಿ ವಾದಿಸುವುದಕ್ಕಿಂತ, ಮಾಲೆ ಹಾಕುವ ಒಂದು ವಾರ ಮೊದಲು ಪೋಷಕರ ಸಹಿಯೊಂದಿಗೆ ಪ್ರಾಂಶುಪಾಲರಿಗೆ ದಿನಾಂಕಗಳನ್ನು ಬರೆದುಕೊಡಿ. ಯೂನಿಫಾರ್ಮಿನ ಮೇಲೆ ಕಪ್ಪು ಶಾಲು, ಲ್ಯಾಬಿನಲ್ಲಿ ಮಾತ್ರ ಪಾದರಕ್ಷೆ ಎಂಬಂಥ ಮಧ್ಯದ ದಾರಿ ಹುಡುಕಬಹುದು. ಲ್ಯಾಬಿನ ಪಾದರಕ್ಷೆ ವಿಷಯದಲ್ಲಿ ಹಟ ಬೇಡ. ಆಮ್ಲ ಚೆಲ್ಲಿದರೆ ಅದಕ್ಕೆ ವ್ರತ ತಿಳಿಯುವುದಿಲ್ಲ.

ರಾಗಿಂಗ್

ಇಲ್ಲಿ ಕರುಣೆ ಬೇಡ. ಯುಜಿಸಿಯ 2009ರ ನಿಯಮಾವಳಿ ಪ್ರಕಾರ ವಿದ್ಯಾರ್ಥಿ ಮತ್ತು ಪೋಷಕರು ಇಬ್ಬರೂ ಪ್ರತಿ ಶೈಕ್ಷಣಿಕ ವರ್ಷ ರಾಗಿಂಗ್ ವಿರುದ್ಧ ಮುಚ್ಚಳಿಕೆ ಕೊಡಬೇಕು. ಎರಡನೇ ವರ್ಷದವರು 'ಹೋದ ವರ್ಷವೇ ಕೊಟ್ಟಿದ್ದೇನೆ' ಎಂದು ತಪ್ಪಿಸಿಕೊಳ್ಳುವಂತಿಲ್ಲ. ಹಾಡು ಹೇಳಿಸುವುದು, ಅಸೈನ್‌ಮೆಂಟ್ ಬರೆಸುವುದು, ತಿಂಡಿಯ ಬಿಲ್ಲು ಕೊಡಿಸುವುದು, ಜಾತಿ, ಭಾಷೆ, ಮೈಬಣ್ಣ ಹಿಡಿದು ಆಡಿಕೊಳ್ಳುವುದು ಎಲ್ಲವೂ ಅದರೊಳಗೆ ಬರುತ್ತವೆ. ಶಿಕ್ಷೆ ಹಾಸ್ಟೆಲಿನಿಂದ ಹೊರಹಾಕುವುದರಿಂದ ಹಿಡಿದು ಪ್ರವೇಶ ರದ್ದಿನವರೆಗೆ. ಮಾಡಿದವರು ಯಾರೆಂದು ತಿಳಿಯದಿದ್ದರೆ ಗುಂಪಿಗೇ ಶಿಕ್ಷೆ ಹಾಕಲು ಅವಕಾಶವಿದೆ, ಹಾಗಾಗಿ 'ನಾನು ಸುಮ್ಮನೆ ನಿಂತಿದ್ದೆ' ಎಂಬ ಮಾತು ನಡೆಯುವುದಿಲ್ಲ. ಕರ್ನಾಟಕ ಶಿಕ್ಷಣ ಕಾಯ್ದೆ, 1983ರ ಪ್ರಕಾರವೂ ಇದು ಅಪರಾಧ.

ಆದದ್ದನ್ನು ಅದೇ ರಾತ್ರಿ ಬರೆದಿಡಿ: ಹೊತ್ತು, ಕೋಣೆ, ಯಾರಿದ್ದರು, ಆಡಿದ ಮಾತು ಆಡಿದ ಹಾಗೆಯೇ. ವಾಟ್ಸಾಪ್ ಸಂದೇಶ ಅಳಿಸಬೇಡಿ. ವಾರ್ಡನ್‌ಗೆ ಹೇಳಲು ಹೆದರಿಕೆಯಾದರೆ ರಾಷ್ಟ್ರೀಯ ಸಹಾಯವಾಣಿ 1800-180-5522 ದಿನದ 24 ಗಂಟೆಯೂ ಇದೆ. ಲೈಂಗಿಕ ಕಿರುಕುಳವಾದರೆ ಆಂತರಿಕ ದೂರು ಸಮಿತಿಗೆ ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು; ವಿಚಾರಣೆ 90 ದಿನದಲ್ಲಿ ಮುಗಿಯಬೇಕು. 'ಮೊದಲು ಸಿಸ್ಟರ್ ಹತ್ತಿರ ಮಾತಾಡಿ ಸರಿಮಾಡಿಕೊಳ್ಳೋಣ' ಎನ್ನುವ ಹಿತೈಷಿಗಳಿಂದ ಆ ಮೂರು ತಿಂಗಳು ಕಳೆದುಹೋಗದಿರಲಿ.

ಕಾಗದ ಬಂದಾಗ

ಸಣ್ಣ ತಪ್ಪಿಗೆ ಬಾಯಿಮಾತಿನ ಎಚ್ಚರಿಕೆ, ಆಮೇಲೆ ಕ್ಷಮಾಪಣೆ ಪತ್ರ, ಪೋಷಕರಿಗೆ ಕರೆ, ಕೆಲವು ದಿನ ಹಾಸ್ಟೆಲಿನಿಂದ ಅಮಾನತು, ಕೊನೆಗೆ ಹೊರಹಾಕುವುದು, ಹೀಗೆ ಮೆಟ್ಟಿಲುಗಳಿವೆ. ಮಾದಕ ವಸ್ತು, ಹೊಡೆದಾಟ, ರಾಗಿಂಗ್ ಆದರೆ ಕೆಳಗಿನ ಮೆಟ್ಟಿಲುಗಳನ್ನು ಹಾರಿ ನೇರ ಮೇಲಕ್ಕೆ.

ಕಾರಣ ಕೇಳಿ ನೋಟಿಸ್ ಬಂದರೆ ಗಾಬರಿಯಲ್ಲಿ 'ನನ್ನಿಂದ ತಪ್ಪಾಗಿದೆ, ಇನ್ನು ಮುಂದೆ ಯಾವ ಶಿಕ್ಷೆಗೂ ಬದ್ಧ' ಎಂದು ಬರೆದುಕೊಡುವವರೇ ಬಹಳ. ಆ ಒಂದು ಸಾಲು ಫೈಲಿನಲ್ಲಿ ಕುಳಿತು, ಮುಂದಿನ ವರ್ಷ ಬೇರೇನೋ ಆದಾಗ ಎದ್ದುಬರುತ್ತದೆ. ನೋಟಿಸಿನ ಪ್ರತಿ ಪಡೆದು, ಏನು ಆರೋಪ, ಯಾವ ದಿನ, ಯಾವ ನಿಯಮ ಎಂದು ಓದಿ. ಉತ್ತರಿಸಲು ಒಂದು ದಿನ ಕೇಳಿ. ಮಾಡಿದ್ದನ್ನಷ್ಟೇ ಒಪ್ಪಿಕೊಳ್ಳಿ:

'ಮಾನ್ಯ ಫಾದರ್, ಶನಿವಾರ 20ರಂದು ರಾತ್ರಿ 10.40ಕ್ಕೆ ಹಿಂದಿನ ಕಾಂಪೌಂಡ್ ಹಾರಿ ಒಳಗೆ ಬಂದದ್ದು ನಿಜ. ಸಿನಿಮಾಕ್ಕೆ ಹೋಗಿದ್ದೆ, ಔಟ್‌ಪಾಸ್ ಪಡೆದಿರಲಿಲ್ಲ. ನೋಟಿಸಿನಲ್ಲಿ ಹೇಳಿರುವಂತೆ ಕಾವಲುಗಾರರ ಜೊತೆ ಜಗಳವಾಡಿಲ್ಲ. ಆ ಹೊತ್ತಿಗೆ ನಾನು ಕೋಣೆಯಲ್ಲಿದ್ದೆ ಎಂದು ನನ್ನ ರೂಮ್‌ಮೇಟ್ ಹೇಳಬಲ್ಲರು. ಪಾಸ್ ಇಲ್ಲದೆ ಹೋದದ್ದಕ್ಕೆ ಕ್ಷಮೆ ಕೇಳುತ್ತೇನೆ.'

ಈ ಥರದ ಉತ್ತರ ಓದಿದ ವಾರ್ಡನ್‌ಗೆ ತೀರ್ಮಾನ ಕೊಡುವುದು ಸುಲಭವಾಗುತ್ತದೆ. ಮನೆಗೆ ವಾರ್ಡನ್ ಕರೆ ಹೋಗುವ ಮೊದಲು ನೀವೇ ಹೇಳಿಬಿಡಿ. ಅಪ್ಪನಿಗೆ ಸಿಟ್ಟು ಬರುವುದು ಖಚಿತ, ಆದರೆ ಎರಡನೆಯವರ ಬಾಯಿಂದ ಕೇಳಿದ ಸಿಟ್ಟು ಬೇರೆ ಜಾತಿಯದು.

ತೀರ್ಮಾನ ಅನ್ಯಾಯ ಎನಿಸಿದರೆ ಡಿಗ್ರಿ ಮತ್ತು ಮೇಲಿನವರಿಗೆ ಯುಜಿಸಿಯ 2023ರ ನಿಯಮದಡಿ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇದೆ. ಅದು ಸಾಧ್ಯವಾದಷ್ಟು 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಅದೂ ಒಪ್ಪಿಗೆಯಾಗದಿದ್ದರೆ ತೀರ್ಮಾನ ಕೈಗೆ ಬಂದ 15 ದಿನದೊಳಗೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ (ವಿದ್ಯಾರ್ಥಿಗಳ ಮೇಲ್ಮನವಿ ಕೇಳುವ ಅಧಿಕಾರಿ) ಮೇಲ್ಮನವಿ. ಕೋರ್ಟು, ಪತ್ರಿಕೆ, ಊರಿನ ಶಾಸಕರ ಫೋನು ಇವೆಲ್ಲ ಇದಾದ ಮೇಲೆ. ಶಾಸಕರ ಫೋನು ಮೊದಲು ಬಂದರೆ, ಮೆತ್ತಗಾಗಲಿದ್ದ ವಾರ್ಡನ್ನೂ ಬಿಗಿಯಾಗುತ್ತಾರೆ.

ಖಾಲಿ ಮಾಡುವಾಗ

ಕೊನೆಯ ಪರೀಕ್ಷೆಯ ಸಂಜೆಯೇ ಟೆಂಪೊ ಹತ್ತಿಸಿ ಹೊರಟರೆ ಡಿಪಾಸಿಟ್‌ಗಾಗಿ ಮತ್ತೆ ಬರಬೇಕಾಗುತ್ತದೆ. ಪರೀಕ್ಷೆಗೆ ಮುಂಚಿನ ವಾರವೇ ಬಾಕಿ ಇಲ್ಲದ ಪತ್ರದ ಹಾಳೆ ತೆಗೆದುಕೊಂಡು ಲೈಬ್ರರಿ, ಲ್ಯಾಬ್, ಮೆಸ್, ಆಟದ ಸಾಮಾನಿನ ಕೊಠಡಿ ಎಲ್ಲ ಕಡೆ ಸಹಿ ಹಾಕಿಸಿ. ಲೈಬ್ರರಿಯ ಸಹಿ ಎಲ್ಲಕ್ಕಿಂತ ತಡ, ಅದನ್ನೇ ಮೊದಲು ಹಿಡಿಯಿರಿ. ಮೆಸ್ ರಿಬೇಟ್ (ಉಣ್ಣದ ದಿನಗಳ ಹಣದ ರಿಯಾಯಿತಿ) ಸಿಗುವುದು ಮುಂಚೆ ಬರೆದುಕೊಟ್ಟ, ಒಂದೇ ಸಮನೆ ಇಷ್ಟು ದಿನ ಎಂದು ಗೊತ್ತುಮಾಡಿದ ಗೈರುಹಾಜರಿಗೆ ಮಾತ್ರ. ಆ ಅರ್ಜಿಗಳ ಪ್ರತಿ ತೆಗೆದಿಟ್ಟಿದ್ದರೆ ಈಗ ತೋರಿಸಿ. ವಾರ್ಡನ್ ಎದುರಿಗೇ ಫ್ಯಾನು, ದೀಪ, ಗಾಜು ತೋರಿಸಿ, ಸೇರಿದ ದಿನದ ಹಾಳೆಯ ಫೋಟೊ ಜೊತೆಗಿಟ್ಟು ಸಾಮಾನಿನ ಪಟ್ಟಿಗೆ ಸಹಿ ಪಡೆಯಿರಿ. ಡಿಪಾಸಿಟ್ ಹೆಚ್ಚಾಗಿ ಪೋಷಕರ ಬ್ಯಾಂಕ್ ಖಾತೆಗೆ ಹೋಗುತ್ತದೆ, ಪಾಸ್‌ಬುಕ್ಕಿನ ಮೊದಲ ಪುಟದ ಜೆರಾಕ್ಸ್ ಎರಡು ಪ್ರತಿ ತಂದಿಡಿ. ಬೀಗ ನಿಮ್ಮದೇ, ತೆಗೆದುಕೊಂಡು ಹೋಗಿ. ಕೋಣೆಯ ಕೀ ಮಾತ್ರ ಗೇಟಿನವರ ಕೈಗಲ್ಲ, ಕಚೇರಿಯಲ್ಲಿ ಕೊಟ್ಟು ಪುಸ್ತಕದಲ್ಲಿ ಬರೆಸಿ.